ಬಿಇ ಆದಮೇಲೆ ಬಯಾಲಜಿ

"ವೈನಿ, ನಮ್ಮ ಹುಡುಗಿ ತಲಿ ಕೆಟ್ಟದ ನೋಡ್ರಿ. ಬಿಇ ಮುಗಿಸ್ಯಾಳ, ಬೆಂಗಳೂರಾಗ ಕೈತುಂಬ ಪಗಾರ ಬರ್ತದ. ಈಗ ಎಲ್ಲಾ ಬಿಟ್ಟು ಡಾಕ್ಟರ್ ಓದ್ತೀನಿ ಅಂತಾಳ!"

ನಮ್ಮೆರಡು ಮನೆಗಳ ನಡುವೆ ಇರುವುದು ಶಹಾಬಾದ ಕಲ್ಲು ನಿಲ್ಲಿಸಿ ಕಟ್ಟಿದ ಎದೆಮಟ್ಟದ ಗೋಡೆ. ಕಲಬುರಗಿಯ ಬೇಸಿಗೆಯಲ್ಲಿ ಹೊತ್ತು ಮುಳುಗುವ ತನಕ ಅದರ ಮೇಲೆ ಕೈಯಿಡುವ ಹಾಗಿಲ್ಲ. ಮುಳುಗಿದ ಮೇಲೆ ಅತ್ತ ಅಕ್ಕ, ಇತ್ತ ನಾನು. ಅಕ್ಕನ ತವರು ಕಮಲಾಪುರ. ಹುಮನಾಬಾದ್ ರಸ್ತೆ ಹಿಡಿದರೆ ಇಲ್ಲಿಂದ ಒಂದು ತಾಸಿನೊಳಗೆ ಮುಟ್ಟುವ ಊರು, ಈಗ ತಾಲೂಕು ಕೇಂದ್ರ.

"ವಯಸ್ಸು ದಾಟಿಲ್ಲೇನ್ರಿ? ಇಪ್ಪತ್ತೈದಕ್ಕ ಬಾಗಿಲ ಮುಚ್ಚತಾರ ಅಂತ ಕೇಳಿದ್ದೆ."

ಅದು ಹಳೆಯ ಮಾತು. ಮೊದಲು ಸಾಮಾನ್ಯ ವರ್ಗದವರಿಗೆ 25, ಮೀಸಲಾತಿ ಇದ್ದವರಿಗೆ 30 ಎಂಬ ಗೆರೆ ಇತ್ತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಆ ಗೆರೆಯನ್ನೇ ಅಳಿಸಿತು. ಅದಕ್ಕೂ ಮೊದಲು, ಕೋರ್ಟಿನಲ್ಲಿ ತಕರಾರು ನಡೆದಿದ್ದಾಗಲೇ, ಒಡಿಶಾದ ಜಯಕಿಶೋರ್ ಪ್ರಧಾನ್ ಎಂಬ ನಿವೃತ್ತ ಬ್ಯಾಂಕ್ ಅಧಿಕಾರಿ 64ನೇ ವಯಸ್ಸಿನಲ್ಲಿ ನೀಟ್ ಪಾಸಾಗಿ ಬುರ್ಲಾದ ಸರ್ಕಾರಿ ಮೆಡಿಕಲ್ ಕಾಲೇಜು ಸೇರಿದ್ದರು. ಇನ್ನೂ ಹಿಂದಕ್ಕೆ ಹೋದರೆ ಆಲ್ಬರ್ಟ್ ಶ್ವೈಟ್ಜರ್ ಇದ್ದಾರೆ. ಧರ್ಮಶಾಸ್ತ್ರದ ಪಂಡಿತ, ಆರ್ಗನ್ ನುಡಿಸುವುದರಲ್ಲಿ ಹೆಸರು ಮಾಡಿದವರು. 1905ರಲ್ಲಿ, ಮೂವತ್ತು ತುಂಬಿದಾಗ, ವೈದ್ಯಕೀಯ ಓದಲು ಕೂತರು. 1913ರಲ್ಲಿ ಆಫ್ರಿಕಾದ ಲಾಂಬರೇನೆಗೆ ಹೋಗಿ ಆಸ್ಪತ್ರೆ ಕಟ್ಟಿದರು.

"ಅವರೆಲ್ಲಾ ದೊಡ್ಡ ಮಂದಿ ಬಿಡ್ರಿ. ಇಕಿ ಪಿಯುಸಿಯಾಗ ಬಯಾಲಜಿನೇ ತಗೊಂಡಿಲ್ಲ."

ಪಿಯು ಕಾಲೇಜಿನಲ್ಲಿ ವರ್ಷಗಟ್ಟಲೆ ಜೀವಶಾಸ್ತ್ರ ಕಲಿಸಿದವಳಿಗೆ ಈ ಮಾತು ಎದೆಗೆ ತಾಗುತ್ತದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರದೊಳಗೆ, ಅಡ್ಮಿಷನ್ ಕೌಂಟರಿನ ಎದುರು ಉದ್ದ ಸಾಲಿನಲ್ಲಿ ನಿಂತು, ಪಿಸಿಎಂಬಿಯೋ ಪಿಸಿಎಂಸಿಯೋ ಎಂದು ಅಪ್ಪ ಗೆರೆ ಎಳೆಯುತ್ತಾನೆ. ಹುಡುಗಿ ಪಕ್ಕದಲ್ಲಿ ಫೈಲು ಹಿಡಿದು ಸುಮ್ಮನೆ ನಿಂತಿರುತ್ತಾಳೆ. ಹದಿನಾರರ ಆ ಒಂದು ಗೆರೆ ಅವಳ ಇಡೀ ಆಯುಷ್ಯಕ್ಕೆ ಕಟ್ಟುಪಾಡು ಆಗಬೇಕು ಎಂದರೆ ನಾನು ಒಪ್ಪುವವಳಲ್ಲ. ಆಯ್ಕೆ ಮಾಡಿದವರು ನಾವು, ಬಾಳಬೇಕಾದವಳು ಅವಳು.

ಪುಣ್ಯಕ್ಕೆ ನಿಯಮವೂ ಈಗ ಆ ಕಡೆಗೇ ವಾಲಿದೆ. ಹನ್ನೆರಡನೇ ತರಗತಿ ಪಾಸಾದ ಮೇಲೆ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಮಾನ್ಯತೆಯಿರುವ ಮಂಡಳಿಯಿಂದ ಓದಿ ಮುಗಿಸಿದರೂ ನೀಟ್ ಬರೆಯಬಹುದು ಎಂದು ಆಯೋಗ 2023ರ ನವೆಂಬರಿನಲ್ಲಿ ಹೇಳಿದೆ.

ಹೋದ ಸಲ ರಜೆಗೆ ಬಂದಾಗ ಹುಡುಗಿ ನೋಟ್‌ಬುಕ್ ಹಿಡಿದು ನನ್ನ ಹತ್ತಿರ ಬಂದಿದ್ದಳು. "ಕಾಕಿ, ಇದು ಸರಿ ಅದ ಏನ್ ನೋಡ್ರಿ." ಹೃದಯದ ಚಿತ್ರ. ನನ್ನ ವಿದ್ಯಾರ್ಥಿಗಳು ಹಾಗೆ ಬರೆಯುತ್ತಿರಲಿಲ್ಲ. ನಾಲ್ಕು ಕೋಣೆಗಳನ್ನು ನಾಲ್ಕು ಚೌಕ ಮಾಡಿ, ಕವಾಟಗಳಿಗೆಲ್ಲ ಒಮ್ಮುಖದ ಬಾಣ ಹಾಕಿ, ಶ್ವಾಸಕೋಶದ ಕಡೆಗೊಂದು, ದೇಹದ ಕಡೆಗೊಂದು ಎಂದು ಎರಡು ಸರ್ಕ್ಯೂಟು ಬಿಡಿಸಿ, ಆಮ್ಲಜನಕ ಕಡಿಮೆಯಿರುವ ರಕ್ತಕ್ಕೆ ನೀಲಿ, ತುಂಬಿದ ರಕ್ತಕ್ಕೆ ಕೆಂಪು ಹಚ್ಚಿದ್ದಳು. ಮಗ್ಗುಲಲ್ಲಿ ಪ್ರಶ್ನೆ: ಎಡ ಹೃತ್ಕುಕ್ಷಿಯ ಗೋಡೆ ಯಾಕೆ ದಪ್ಪ? ಕೆಳಗೆ ತಾನೇ ಉತ್ತರ: ಇಡೀ ಮೈಗೆ ರಕ್ತ ತಳ್ಳಬೇಕು, ಒತ್ತಡ ಜಾಸ್ತಿ. ಬಾಯಿಪಾಠ ಮಾಡಿದವರು ಹೀಗೆ ಬರೆಯುವುದಿಲ್ಲ. ನೀಲಿ ಬಾಣವೊಂದು ತಪ್ಪಿತ್ತು. ಶ್ವಾಸಕೋಶದಿಂದ ಮರಳುವ ರಕ್ತನಾಳಕ್ಕೂ ನೀಲಿ ಬಳಿದಿದ್ದಳು. ಅಭಿಧಮನಿಯೇ ಆದರೂ ಅದರಲ್ಲಿ ಹರಿಯುವುದು ಆಮ್ಲಜನಕ ತುಂಬಿದ ರಕ್ತ ಎಂದೆ. ಕೂತಲ್ಲೇ ಅಳಿಸಿ ಕೆಂಪು ಹಚ್ಚಿದಳು.

ಮೊದಲು ಓದಿದ್ದು ನೀರಿಗೆ ಹೋಯಿತು ಎನ್ನುವವರಿಗೆ ಆ ಹಾಳೆ ತೋರಿಸಬೇಕು. ಪರೀಕ್ಷೆಯ ಲೆಕ್ಕಕ್ಕೂ ಅವಳ ಬಿಇ ಬೆನ್ನಿಗಿದೆ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಉಳಿದ 90 ಜೀವಶಾಸ್ತ್ರದ್ದು. ನಮ್ಮ ಕಡೆಯ ಹುಡುಗರು ಎಡವುವುದು ಭೌತಶಾಸ್ತ್ರದಲ್ಲಿ. ಅದು ಅವಳಿಗೆ ಅಷ್ಟು ಭಯವಿಲ್ಲ.

ಆದರೆ ಅಕ್ಕನಿಗೆ ಬರೀ ಸಿಹಿ ಹೇಳಿ ಕಳಿಸಲಿಲ್ಲ. ಹುಡುಗಿಗೆ ಈಗ ಇಪ್ಪತ್ತನಾಲ್ಕು. ತಯಾರಿಗೆ ಕಡಿಮೆಯೆಂದರೂ ಒಂದು ವರ್ಷ, ಎಂಬಿಬಿಎಸ್ ನಾಲ್ಕೂವರೆ, ಇಂಟರ್ನ್‌ಶಿಪ್ ಒಂದು. ಅಲ್ಲಿಗೆ ಮೂವತ್ತು ದಾಟುತ್ತದೆ. ಎಂಡಿ ಮಾಡಬೇಕೆಂದರೆ ಮತ್ತೆ ಮೂರು. ಕಾಲೇಜಿನ ಅಷ್ಟು ವರ್ಷ ಈಗಿನ ಪಗಾರ ಇಲ್ಲ. ಸರ್ಕಾರಿ ಸೀಟಿನ ಫೀಸು ತಡೆದುಕೊಳ್ಳಬಹುದು. ಮ್ಯಾನೇಜ್‌ಮೆಂಟ್ ಸೀಟಿಗಾಗಿ ಕಮಲಾಪುರದ ಹೊಲ ಮಾರುವ ಮಾತು ಬಂದರೆ ನಾನೇ ಅಡ್ಡ ನಿಲ್ಲುತ್ತೇನೆ ಎಂದೆ.

ಅಕ್ಕ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ನಮ್ಮಣ್ಣ ಕೆಂಪು ಬಾಳಿ ಹಚ್ಚತಾನ್ರಿ. ಬ್ಯಾರೆ ಬಾಳಿ ವರ್ಷಕ್ಕ ಗೊನಿ ಬಿಟ್ರ ಇದಕ್ಕ ಒಂದೂವರಿ ವರ್ಷ ಬೇಕು. ತಡ ಅಂತ ಅಂವ ಒಂದಿನಾನೂ ಬೈದಿಲ್ಲ. ಆದ್ರ ನೀರಿನ ಖರ್ಚು ಮೊದಲೇ ಎಣಿಸಿ ಇಡ್ತಾನ."

ಎಣಿಸುವಾಗ ನಮ್ಮ ಭಾಗಕ್ಕೆ ಇರುವ ಅನುಕೂಲವನ್ನೂ ಎಣಿಸಬೇಕು. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ 1958ರಲ್ಲಿ ಇಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು, 1963ರಲ್ಲಿ ಮೆಡಿಕಲ್ ಕಾಲೇಜು. ಬಹಳ ಕಾಲ ಊರಿಗೆ ಅದೊಂದೇ. 2000ದಲ್ಲಿ ಖಾಜಾ ಬಂದಾನವಾಜ್ ಕಾಲೇಜು ಬಂತು, 2013ರಲ್ಲಿ ಸರ್ಕಾರಿ ಜಿಮ್ಸ್ ಮತ್ತು ಇಎಸ್‌ಐ ಕಾಲೇಜು ಎರಡೂ ಶುರುವಾದವು. ಅದೇ ವರ್ಷ ಕಲಂ 371(ಜೆ) ಕೈಗೂಡಿ, ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಇಲ್ಲಿಯವರಿಗೆ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8 ಸೀಟು ಎಂದಾಯಿತು. ಈ ನೆಲದ ಮಕ್ಕಳಿಗಾಗಿ ಹೋರಾಡಿ ತಂದದ್ದು ಅದು. ಪಿಯು ಮುಗಿಸಿ ನೇರ ಬಂದವರಿಗೆ ಮಾತ್ರ ಎಂದು ಅದರಲ್ಲೆಲ್ಲೂ ಬರೆದಿಲ್ಲ.

"ಆಕಿ ಯಾಕ ಹಿಂಗ ಹಟ ಹಿಡದಾಳ ಗೊತ್ತೇನ್ರಿ?" ಅಕ್ಕ ದನಿ ತಗ್ಗಿಸಿದರು. "ನಮ್ಮವ್ವಗ ಎದಿ ನೋವು ಬಂದಾಗ ಕಮಲಾಪುರದಿಂದ ಇಲ್ಲಿ ತನಕ ತೊಡಿ ಮ್ಯಾಲ ಮಲಗಿಸಿಕೊಂಡು ಬಂದಾಕಿ ಇಕಿನೇ. ದಾರಿತುಂಬ ಏನ್ ಮಾಡಬೇಕು ತಿಳಿಲಿಲ್ಲ ಅಂತ ಇವತ್ತಿಗೂ ಅಂತಾಳ."

ನನಗೆ ಅಷ್ಟು ಸಾಕಾಯಿತು. ಇಂಥ ಕಾರಣ ಇಟ್ಟುಕೊಂಡು ಬರುವವರು ನಮ್ಮ ತಾಲೂಕಿನ ಆಸ್ಪತ್ರೆಗಳಿಗೆ ಬೇಕು.

"ಲಗ್ನದ ಮಾತು ಬಂದದ. ಇಕಿ ಅಪ್ಪ ಅದನ್ನೇ ಹಿಡದು ಕುಂತಾರ."

"ಭಾವನೋರ ಜೋಡಿ ನಾ ಮಾತಾಡ್ತೀನಿ. ಹುಡುಗಿ ಓದು ಒಪ್ಪೋ ಮನಿ ಇದ್ರ ನೋಡ್ರಿ, ಇಲ್ಲಂದ್ರ ಬ್ಯಾಡ ಅನ್ರಿ. ಮೊದಲ ಇದು ಹೇಳ್ರಿ, 371ಜೆ ಸರ್ಟಿಫಿಕೇಟ್ ಎಲ್ಲದ?"

"ಬಿಇ ಸೀಟಿಗಿ ಕೊಟ್ಟಿದ್ವಿ. ಅಲ್ಮಾರ್ಯಾಗ ಇರಬೇಕು."

"ಹುಡುಕಿ ಇಡ್ರಿ, ಪಿಯು ಮಾರ್ಕ್ಸ್ ಕಾರ್ಡ್ ಜೋಡಿ. ಬಯಾಲಜಿಗೆ ಫಾರ್ಮ್ ತುಂಬೂದು ಈ ತಿಂಗಳೇ ಆಗಲಿ. ನೌಕರಿ ಮಾತ್ರ ಈಗಲೇ ಬಿಡಬ್ಯಾಡ ಅಂತ ಹೇಳ್ರಿ. ದಿನಾ ರಾತ್ರಿ ಒಂಬತ್ತಕ್ಕ ನನಗ ಫೋನ್ ಹಚ್ಚಲಿ, ಸಸ್ಯಶಾಸ್ತ್ರದಿಂದ ಸುರು ಮಾಡೋಣ. ಆಕಿಗಿ ಅದೇ ಕಚ್ಚಾ ಅದ."