ಯಾರು ಗೆದ್ದರೂ ಸೋಲು ನನ್ನದೇ

ನಮ್ಮೂರಿನ ಫಿಲ್ಮ್ ಸೊಸೈಟಿಯಲ್ಲಿ ನನಗೊಂದು ಮರ್ಯಾದೆಯಿದೆ. ‘ಘಟಶ್ರಾದ್ಧ’ದ ಮೇಲೆ ಮುಕ್ಕಾಲು ಗಂಟೆ, ನಡುವೆ ನೀರೂ ಕುಡಿಯದೆ ಮಾತಾಡಬಲ್ಲವನು ಎಂಬ ಮರ್ಯಾದೆ. ಮನೆಯಲ್ಲಿ ಅದು ನಡೆಯುವುದಿಲ್ಲ. ಯಾಕೆಂದರೆ ಟೀವಿಯಲ್ಲಿ ‘ಏಲಿಯನ್ ವರ್ಸಸ್ ಪ್ರಿಡೇಟರ್’ ಬಂತೆಂದರೆ, ರಿಮೋಟನ್ನು ಲುಂಗಿಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಕೂರುವವನೂ ನಾನೇ.

ಪಾಲ್ ಡಬ್ಲ್ಯು. ಎಸ್. ಆಂಡರ್ಸನ್ 2004ರಲ್ಲಿ ಮಾಡಿದ ಈ ಸಿನಿಮಾ, ಎರಡು ದೊಡ್ಡ ಮನೆತನಗಳ ಸಂಬಂಧ. ಹೆಣ್ಣಿನ ಕಡೆಯವರು ರಿಡ್ಲಿ ಸ್ಕಾಟ್ ಅವರ 1979ರ ‘ಏಲಿಯನ್’ನವರು: ಸ್ವಿಸ್ ಕಲಾವಿದ ಗೀಗರ್ ರೂಪಿಸಿದ, ಬಾಯೊಳಗೆ ಇನ್ನೊಂದು ಬಾಯಿರುವ ಕಪ್ಪು ಜೀವಿಗಳು. ಗಂಡಿನ ಕಡೆಯವರು 1987ರ ‘ಪ್ರಿಡೇಟರ್’ ವಂಶ: ಕಣ್ಣಿಗೆ ಕಾಣದೆ ಬೇಟೆಯಾಡುವ, ಶ್ವಾರ್ಜ್‌ನೆಗರ್‌ನಂಥವನಿಗೇ ಕೆಸರು ಮೆತ್ತಿಕೊಳ್ಳುವ ಗತಿ ತಂದ ಜಟಾಧಾರಿಗಳು. ಕಾಮಿಕ್ಸ್‌ನವರು ಮಧ್ಯಸ್ಥಿಕೆ ವಹಿಸಿದರು. 1990ರ ‘ಪ್ರಿಡೇಟರ್ 2’ರಲ್ಲಿ ಬೇಟೆಗಾರನ ಗೋಡೆಯ ಮೇಲೆ ಏಲಿಯನ್ ಬುರುಡೆ ಕಾಣಿಸಿಕೊಂಡು ತಾಂಬೂಲವೂ ಆಯಿತು. ಮುಹೂರ್ತ ಕೂಡಿಬರಲು ಮತ್ತೆ 14 ವರ್ಷ. ‘ಏಲಿಯನ್ಸ್’ ಮಾಡಿದ್ದ ಜೇಮ್ಸ್ ಕ್ಯಾಮರೂನ್ ಈ ಸಂಬಂಧ ಬೇಡವೇ ಬೇಡ ಅಂದಿದ್ದವರು, ಆಮೇಲೆ ನೋಡಿ ಪರವಾಗಿಲ್ಲ ಅಂದರು. ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಮಾತ್ರ ಚಿತ್ರ ತೋರಿಸಲಿಲ್ಲ. ಬುದ್ಧಿವಂತರು. ನಾನೋ, ಮನೆಯವರನ್ನೆಲ್ಲ ಸಾಲಾಗಿ ಕೂರಿಸಿಕೊಂಡು ತೋರಿಸಿದೆ.

ಕಥೆ ಇಷ್ಟು. ಬೂವೆ ಎಂಬ ದ್ವೀಪದಲ್ಲಿ, 2,000 ಅಡಿ ಹಿಮದ ಕೆಳಗೆ, ಒಂದು ಪಿರಮಿಡ್ಡು. ವೇಲ್ಯಾಂಡ್ ಎಂಬ ಶ್ರೀಮಂತ ಒಂದು ದಂಡು ಕಟ್ಟಿಕೊಂಡು ಇಳಿಯುತ್ತಾನೆ. ಅಲ್ಲಿ ನೂರು ವರ್ಷಕ್ಕೊಮ್ಮೆ ಪ್ರಿಡೇಟರ್ ಹುಡುಗರು ಬಂದು, ಏಲಿಯನ್‌ಗಳನ್ನು ಬೇಟೆಯಾಡಿ ಗಂಡಸರಾಗುತ್ತಾರೆ. ಏಲಿಯನ್ ಹುಟ್ಟಬೇಕಾದರೆ ಮನುಷ್ಯರ ಎದೆ ಬೇಕು. ದಂಡನ್ನು ಕರೆಸಿದ್ದೇ ಅದಕ್ಕೆ.

ಮೊದಲ ಆಕ್ಷೇಪಣೆ ಮಗಳದು. “ಅಪ್ಪಾ, ಇವರು ಅಂಟಾರ್ಕ್ಟಿಕಾ ಅಂತಾರೆ. ಬೂವೆ ಇರೋದು ದಕ್ಷಿಣ ಅಟ್ಲಾಂಟಿಕ್‌ನಲ್ಲಿ, ನಾರ್ವೆ ದೇಶದ್ದು. ಅಂಟಾರ್ಕ್ಟಿಕಾ ಅಲ್ಲಿಂದ 1,500 ಕಿಲೋಮೀಟರ್‌ಗಿಂತ ದೂರ.”

“ಹಿಮ ಕಾಣ್ತಿದೆಯಲ್ಲ ಪುಟ್ಟಾ, ಸಾಕು ಬಿಡು.”

ಎರಡನೆಯದು ಗಣಿತದ ಮೇಷ್ಟರಾದ ನನ್ನ ಹೆಂಡತಿಯದು. ಪಿರಮಿಡ್ಡಿನ ಗೋಡೆಗಳು ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸುತ್ತವೆ. ಅಜ್ಟೆಕ್‌ನವರದು ಹತ್ತರ ಲೆಕ್ಕ, ಅದಕ್ಕೇ ಹೀಗೆ ಎಂದು ಇಟಲಿಯ ಪ್ರಾಕ್ತನಶಾಸ್ತ್ರಜ್ಞ ವಿವರಿಸುತ್ತಾನೆ. “ರೀ, ಅವರದು ಇಪ್ಪತ್ತರ ಲೆಕ್ಕ ಅಲ್ವೇನ್ರೀ?”

“ಇಪ್ಪತ್ತು ನಿಮಿಷ ಕಾಯ್ತಾ ಕೂತರೆ ಸಿನಿಮಾ ಮುಗಿಯೋದು ಯಾವಾಗ?” ಎಂದೆ. 1979ರಲ್ಲಿ ನಿಧಾನವಾಗಿ ಬೆಳೆದು ಎದೆ ಸೀಳುತ್ತಿದ್ದ ಮರಿ, ಇಲ್ಲಿ ಟೀ ಕುದಿಯುವಷ್ಟರಲ್ಲಿ ಹೊರಬರುತ್ತದೆ. ಅದಕ್ಕೂ ನನ್ನ ಉತ್ತರ ಅದೇ: ಒಂದೂಮುಕ್ಕಾಲು ಗಂಟೆಯೊಳಗೆ ಎಲ್ಲ ಮುಗಿಯಬೇಕು. ಅವಳು ಬಿಡಲಿಲ್ಲ. “ಸಾವಿರಾರು ವರ್ಷದ ಕಲ್ಲು ಒಂದು ಹನಿ ಎಣ್ಣೆ ಇಲ್ದೆ ಜರುಗುತ್ತೆ. ನಮ್ಮ ಬಚ್ಚಲುಮನೆ ಬಾಗಿಲು?” ಆ ಬಾಗಿಲಿಗೆ ಎಣ್ಣೆ ಬಿಡುವ ಖಾತೆ ನನ್ನದು. ನಾನು ಪರದೆಯ ಕಡೆ ಬಹಳ ಆಸಕ್ತಿಯಿಂದ ನೋಡಿದೆ.

ಅಷ್ಟರಲ್ಲಿ ಏಲಿಯನ್ ರಾಣಿ ಬಂದಳು. ಸರಪಳಿಯಲ್ಲಿ ಕಟ್ಟಿಹಾಕಿ, ಹಿಮದಲ್ಲಿ ಹೆಪ್ಪುಗಟ್ಟಿಸಿಟ್ಟಿದ್ದವಳನ್ನು ಯಂತ್ರ ಎಬ್ಬಿಸುತ್ತದೆ. ಎದ್ದವಳೇ ಮೊಟ್ಟೆ ಇಡಲು ಶುರು. ಅಲ್ಲಿಯವರೆಗೆ ಅವರೆಕಾಳು ಹಿದುಕುತ್ತಿದ್ದ ಅಮ್ಮ ತಲೆ ಎತ್ತಿದರು. “ಅಯ್ಯೋ, ಬಾಣಂತಿಗೆ ಸರಪಳಿ ಹಾಕಿದ್ದಾರಲ್ಲೋ! ಒಂದು ಲೋಟ ಬಿಸಿನೀರು ಕೊಡೋರಿಲ್ವೇನೋ?”

“ಅಮ್ಮಾ, ಅದು ರಾಕ್ಷಸಿ.”

“ಆದರೇನು? ಹೆತ್ತವಳು ಹೆತ್ತವಳೇ.”

ಅಲ್ಲಿಂದ ಅಮ್ಮ ಏಲಿಯನ್ ಪಕ್ಷ. ಹೆಂಡತಿ ಪ್ರಿಡೇಟರ್ ಪಕ್ಷ, ಕಾರಣ ಕೇಳಿದ್ದಕ್ಕೆ, “ಕೊಂದದ್ದನ್ನ ತಾನೇ ಕುಯ್ದು ಕ್ಲೀನ್ ಮಾಡ್ಕೋತಾನೆ. ತಟ್ಟೆ ಸಿಂಕಿಗೆ ಹಾಕಿ ಎದ್ದುಹೋಗೋ ಜಾತಿ ಅಲ್ಲ.” ಯಾರು ಗೆದ್ದರೂ ಸೋಲುವವರು ನಾವೇ ಎಂಬರ್ಥದ ಮಾತನ್ನು ಪೋಸ್ಟರಿನ ಮೇಲೆ ಹಾಕಿದ್ದರು. ಅದು ನಮ್ಮ ಮನೆಯ ವಿಷಯ ಎಂದು ಆಗ ತಿಳಿಯಿತು.

ಅಂತೂ ಹೊಡೆದಾಟ ಶುರುವಾಯಿತು. ಅಷ್ಟು ಹೊತ್ತಿಗೆ ಅರ್ಧ ಚಿತ್ರ ಮುಗಿದಿರುತ್ತದೆ, ಒಪ್ಪಿದೆ. ಆದರೆ ಆ ಪ್ರಿಡೇಟರ್, ಏಲಿಯನ್‌ನ ಬಾಲ ಹಿಡಿದು ಗಿರಗಿರ ತಿರುಗಿಸಿ ಕಲ್ಲುಕಂಬಗಳಿಗೆ ಬಡಿದಾಗ ಕಂಬಗಳು ಪುಡಿಪುಡಿ! ಮುಖವಾಡದೊಳಗೆ ಇಯನ್ ವೈಟ್ ಎಂಬ ಏಳಡಿ ಮೀರಿದ ಮಾಜಿ ಬ್ಯಾಸ್ಕೆಟ್‌ಬಾಲ್ ಆಟಗಾರ. ಹೆಜ್ಜೆಯಿಟ್ಟರೆ ತೂಕ ಕಾಣುತ್ತದೆ. ನಾನು ಸೋಫಾದ ಮೇಲೆ ನಿಂತಿದ್ದೆನಂತೆ. ಮನೆಯವರು ಹೇಳುತ್ತಾರೆ, ನನಗೆ ಗೊತ್ತಿಲ್ಲ.

ಕೊನೆಗೆ ಲೆಕ್ಸ್ ಎಂಬ ಹುಡುಗಿಯೊಬ್ಬಳೇ ಉಳಿಯುತ್ತಾಳೆ. ಪ್ರಿಡೇಟರ್ ಅವಳಿಗೆ ಏಲಿಯನ್ ತಲೆಯ ಗುರಾಣಿ, ಬಾಲದ ಈಟಿ ಮಾಡಿಕೊಟ್ಟು, ಕೆನ್ನೆಗೆ ವೀರಮುದ್ರೆಯನ್ನೂ ಒತ್ತಿ, ಅವಳ ಜೊತೆ ರಾಣಿಯ ಎದುರು ನಿಂತು ಸಾಯುತ್ತಾನೆ. ಅವನ ಹಿರಿಯರು ಹಡಗಿನಿಂದಿಳಿದು, ಅವಳಿಗೊಂದು ಭರ್ಜಿ ಕೊಟ್ಟು ಗೌರವಿಸಿ ಹಾರಿಹೋಗುತ್ತಾರೆ. ನನ್ನ ಕಣ್ಣು ತುಂಬಿತ್ತು.

“ಭರ್ಜಿ ಕೊಟ್ಟರು, ಡ್ರಾಪ್ ಕೊಡಲಿಲ್ಲ,” ಎಂದಳು ಹೆಂಡತಿ.

“ಮೈಮೇಲೆ ಸರಿಯಾದ ಸ್ವೆಟರ್ ಕೂಡ ಇಲ್ಲ,” ಎಂದರು ಅಮ್ಮ.

ಆಗ ನನಗೆ ಹೊಳೆದದ್ದು: ಮನೆಮಂದಿಯೆಲ್ಲ ಒಬ್ಬರೂ ಎದ್ದುಹೋಗದೆ ಕೊನೆಯವರೆಗೆ ನೋಡಿದ್ದರು. ಮೊದಲ ‘ಏಲಿಯನ್’ ಹಾಕಿದ್ದಾಗ ಎಲ್ಲರೂ ಗಪ್‌ಚಿಪ್ಪಾಗಿ, ಒಬ್ಬೊಬ್ಬರೇ ಎದ್ದು ಜಾಗ ಖಾಲಿ ಮಾಡಿದ್ದರು. ಅದರಲ್ಲಿ ಮೂಗು ತೂರಿಸಲು ಸಂದಿಯೇ ಇರಲಿಲ್ಲ. ಇದರಲ್ಲಿ ಬಂಡಿ ಹೋಗುವಷ್ಟು ಸಂದಿ. ತಪ್ಪುಗಳೆಲ್ಲ ಬೆಳಕಿನಲ್ಲಿ, ಕೈಗೆಟುಕುವ ಹಾಗೆ ಇಟ್ಟಿದ್ದಾರೆ.

ಈ ಸಿದ್ಧಾಂತದಿಂದ ಉಬ್ಬಿಹೋಗಿ, ಮಾರನೆಯ ವಾರವೇ 2007ರ ಎರಡನೇ ಭಾಗ ‘ರೆಕ್ವಿಯಂ’ ಹಾಕಿದೆ. ಅದು ಕತ್ತಲೆಗೇ ಹೆಸರಾದ ಸಿನಿಮಾ. ಯಾರು ಯಾರಿಗೆ ಹೊಡೆಯುತ್ತಿದ್ದಾರೆಂದು ತಿಳಿಯದೆ ಮಗಳು ಬ್ರೈಟ್‌ನೆಸ್ಸನ್ನು ನೂರಕ್ಕೇರಿಸಿದಳು. ಪರದೆಯಲ್ಲಿ ಕಂಡದ್ದು ಸಾಲಾಗಿ ಕೂತ ನಾವು ನಾಲ್ವರೇ. ಹೆಂಡತಿಗೆ ತಿದ್ದಲು ಲೆಕ್ಕವಿಲ್ಲ, ಮಗಳಿಗೆ ಭೂಪಟವಿಲ್ಲ. ನಾನು ಸಮರ್ಥಿಸಿಕೊಳ್ಳಲು ಬಾಯಿ ತೆರೆದೆ, ಸಮರ್ಥಿಸುವುದಾದರೂ ಏನನ್ನು?

ಅಮ್ಮ ಮೊಣಕಾಲ ಮೇಲೆ ಕೈಯೂರಿ ಎದ್ದರು. “ನಾನು ಮಲಗ್ತೀನಪ್ಪ. ಅವರ ಮನೆ ಕರೆಂಟ್ ಬಂದ್ಮೇಲೆ ಎಬ್ಬಿಸು.”