ಲಾಭವೊಂದು ಬಿಟ್ಟು ಮಿಕ್ಕೆಲ್ಲಕ್ಕೂ ನಮ್ಮ ಪ್ರೋತ್ಸಾಹ

ಹೆಂಗಸರು ಸ್ವಂತ ಬಟ್ಟೆ ವ್ಯಾಪಾರ ಶುರುಮಾಡಿದರೆ ಮೂಗು ಮುರಿಯುವ ಕಾಲ ಹೋಯಿತು. ಈಗ ಎಲ್ಲರಿಗೂ ಸಂತೋಷವೇ. ಕಾರ್ ಶೆಡ್ಡಿನಲ್ಲಿ ಬೊಟೀಕ್ ಮಾಡುತ್ತೇನೆ ಎಂದರೆ ಗಂಡ ತಾನಾಗಿ ಕಾರನ್ನು ಬೀದಿಗೆ ತಂದು ನಿಲ್ಲಿಸುತ್ತಾನೆ. ಮಾವ ಪಂಚಾಂಗ ತೆಗೆದು ಮುಹೂರ್ತ ನೋಡುತ್ತಾರೆ. ಅತ್ತೆ ಬಾಗಿಲಿಗೆ ಮಾವಿನ ತೋರಣ ಕಟ್ಟಿಸಿ, ‘ನಮ್ಮ ಸೊಸೆಗೆ ಬಣ್ಣದ ಟೇಸ್ಟು ಮೊದಲಿಂದಲೂ ಚೆನ್ನಾಗಿದೆ’ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಟೇಪು ಕತ್ತರಿಸಿದ ಫೋಟೊ ಫ್ಯಾಮಿಲಿ ಗ್ರೂಪಿಗೆ ಬಿದ್ದದ್ದೇ ತಡ, ಚಪ್ಪಾಳೆಗಳ ಸುರಿಮಳೆ. ಇಷ್ಟು ಒಗ್ಗಟ್ಟು ಆ ಮನೆಯಲ್ಲಿ ಆಸ್ತಿ ಪಾಲಾದ ದಿನ ಕಂಡಿದ್ದಿಲ್ಲ. ಇದಕ್ಕೆಲ್ಲ ಷರತ್ತು ಒಂದೇ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಅಂಗಡಿಯಿಂದ ದುಡ್ಡು ಬರಬಾರದು.

ಬಂದರೂ ಬಂದಂತೆ ಕಾಣಬಾರದು. ಹಾಲು, ತರಕಾರಿ, ಮಗನ ಟ್ಯೂಷನ್ ಫೀಸಿನಲ್ಲಿ ಸದ್ದಿಲ್ಲದೆ ಕರಗಿಹೋದರೆ ಅಡ್ಡಿಯಿಲ್ಲ. ಅವಳ ಪಾಸ್‌ಬುಕ್ಕಿನಲ್ಲಿ ನಿಂತರೆ ಸಂಸಾರಕ್ಕೆ ಒಳ್ಳೆಯದಲ್ಲ.

ಈ ಷರತ್ತನ್ನು ಕಾಯುವ ಹೊಣೆ ನೆಂಟರದು. ಅಂಥ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಕೂತು ನೋಡಿ. ಚಿಕ್ಕಮ್ಮ ಬರುತ್ತಾರೆ, ಕಾಫಿ ಕುಡಿಯುತ್ತಾರೆ, ಮಡಿಸಿಟ್ಟ ಸೀರೆಗಳನ್ನೆಲ್ಲ ಬಿಚ್ಚಿಸುತ್ತಾರೆ.

‘ಇದೆಷ್ಟೇ?’

‘ಮೂರೂವರೆ ಸಾವಿರ ಚಿಕ್ಕಮ್ಮ. ಇಳಕಲ್ಲಿಂದ ತರಿಸಿದ್ದು.’

‘ಚಿಕ್ಕಪೇಟೆಲಿ ಇದೇ ಸೀರೆ ಎಂಟುನೂರಕ್ಕೆ ಕೊಡ್ತಾರೆ ಕಣೇ.’

‘ಅದು ಪವರ್‌ಲೂಮು. ಇದು ಕೈಮಗ್ಗ. ಇಲ್ಲಿ ನೋಡಿ, ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿರ್ತಾರೆ.’

‘ಹೌದಾ? ಚೆನ್ನಾಗಿದೆ. ನಾಡಿದ್ದು ಸೀಮಂತಕ್ಕೆ ಉಟ್ಕೊಂಡು ನೋಡ್ತೀನಿ. ಒಪ್ಪಿದ್ರೆ ಇಟ್ಕೋತೀನಿ.’

ವಾರದ ಮೇಲೆ ಸೀರೆ ವಾಪಸು ಬರುತ್ತದೆ, ಸೆರಗಿನ ಮೇಲೆ ಒಂದು ಹನಿ ಮಜ್ಜಿಗೆಹುಳಿಯ ಸಮೇತ. ಮೈಗೆ ಒಪ್ಪಲಿಲ್ಲವಂತೆ. ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಮಾತ್ರ ಬಹಳ ಚೆನ್ನಾಗಿ ಒಪ್ಪಿತ್ತು.

ಮದುವೆ ಬ್ಲೌಸಿನದು ಇನ್ನೊಂದು ಕತೆ. ಛತ್ರದವನ ಹತ್ತಿರ ಚೌಕಾಸಿ ಇಲ್ಲ, ಡ್ರೋನ್ ಹಾರಿಸುವವನ ಹತ್ತಿರ ಇಲ್ಲ. ಜಿಪುಣತನಕ್ಕೆ ಮುಹೂರ್ತ ಕೂಡಿಬರುವುದು ಆರಿ ವರ್ಕಿನ ಬಿಲ್ಲು ನೋಡಿದಾಗಲೇ. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಮಣಿ ಮಣಿ ಎತ್ತಿ, ಬೆನ್ನು ಬಗ್ಗಿಸಿ ದಿನಗಟ್ಟಲೆ ಕೂತ ಕೆಲಸಕ್ಕೆ ‘ಒಂದು ಬ್ಲೌಸಿಗೆ ಇಷ್ಟಾ?’ ಎಂದು ಕಣ್ಣರಳಿಸಿ, ಆಮೇಲೆ ಬುದ್ಧಿ ಹೇಳುತ್ತಾರೆ: ‘ಬಾಡಿಗೆ ಇಲ್ಲ, ಕರೆಂಟು ಗೃಹಜ್ಯೋತಿ. ನೀನು ಮನೇಲೇ ಕೂತು ಮಾಡೋದಲ್ವಾ?’ ಅದೇ ಅಂಗಡಿಯ ಮೂಲೆಯಲ್ಲಿ ಕತ್ತರಿ ಹಿಡಿದು ನಿಂತ ಗಂಡಸನ್ನು ಎಲ್ಲರೂ ‘ಮಾಸ್ಟರ್’ ಎನ್ನುತ್ತಾರೆ. ವರಮಹಾಲಕ್ಷ್ಮಿ ಹಬ್ಬಕ್ಕೆ ವಾರ ಇದೆ ಎನ್ನುವಾಗ ಅವನು ಸಂಬಳ ಏರಿಸಿ ಎಂದು ಪಟ್ಟು ಹಿಡಿದರೂ ಏರಿಸಬೇಕು. ಅವನಿಗೂ ಮನೆ ಇದೆ; ಅಲ್ಲಿ ಕೂತು ಮಾಡು ಎಂದು ಯಾರೂ ಹೇಳಿಲ್ಲ.

ಸರ್ಕಾರದ ಪ್ರೋತ್ಸಾಹಕ್ಕೂ ಬರವಿಲ್ಲ. 2015ರಲ್ಲಿ ಬಂದ ಮುದ್ರಾ ಸಾಲಕ್ಕೆ ಅಡಮಾನ ಬೇಡ. 50,000 ರೂಪಾಯಿವರೆಗೆ ‘ಶಿಶು’, 5 ಲಕ್ಷದವರೆಗೆ ‘ಕಿಶೋರ’, 10 ಲಕ್ಷದವರೆಗೆ ‘ತರುಣ’. ತರುಣಿ ಎಂಬ ವಿಭಾಗ ಯಾರಿಗೂ ಹೊಳೆದಿಲ್ಲ. ಶಿಶುವಿನ ದುಡ್ಡಲ್ಲಿ ಒಂದು ಜೂಕಿ ಮೆಷಿನ್, ಒಂದು ಓವರ್‌ಲಾಕ್ ಮೆಷಿನ್ ಬಂದರೆ ಸಾಲ ಮುಗಿಯಿತು, ಕಂತು ಶುರುವಾಯಿತು. ಶಿಶು ತರುಣನಾಗುವಷ್ಟರಲ್ಲಿ ಮಗಳ ಮದುವೆ ಬರುತ್ತದೆ. 2016ರಿಂದ 2025ರ ಮಾರ್ಚ್‌ವರೆಗೆ ಇದ್ದ ಸ್ಟ್ಯಾಂಡ್ ಅಪ್ ಇಂಡಿಯಾ ಇನ್ನೂ ಧಾರಾಳಿ: 10 ಲಕ್ಷದಿಂದ 1 ಕೋಟಿವರೆಗೆ ಸಾಲ, ಪ್ರತಿ ಬ್ಯಾಂಕ್ ಶಾಖೆಯೂ ಕನಿಷ್ಠ ಒಬ್ಬ ಮಹಿಳೆಗೆ ಕೊಡಲೇಬೇಕಿತ್ತು. ಶಾಖೆಗೊಬ್ಬಳು! ಆ ಒಬ್ಬಳು ತಾನೇ ಇರಬಹುದೆಂಬ ಆಸೆಯಿಂದ ಹೋದವಳಿಗೆ ಮ್ಯಾನೇಜರು ಕುರ್ಚಿ ತೋರಿಸಿ ಕೇಳುತ್ತಿದ್ದ ಮೊದಲ ಪ್ರಶ್ನೆ:

‘ಯಜಮಾನ್ರು ಏನ್ ಮಾಡ್ತಾರೆ ಮೇಡಂ?’

‘ಸಾಲ ನನಗೆ ಸಾರ್.’

‘ಅದು ಗೊತ್ತು ಮೇಡಂ. ಅವರ ಸ್ಯಾಲರಿ ಸ್ಲಿಪ್ ತನ್ನಿ.’

ನಮ್ಮ ಬ್ಯಾಂಕಿನವರನ್ನೇ ಬೈದು ಪ್ರಯೋಜನವಿಲ್ಲ. ಹೆಂಗಸಿನ ವ್ಯಾಪಾರವನ್ನು ಗಂಡಸರ ಲೆಕ್ಕಕ್ಕೆ ಬರೆಯುವ ಈ ವಿದ್ಯೆಯಲ್ಲಿ ಪ್ಯಾರಿಸ್ಸಿನವರು ನಮಗಿಂತ ಮುಂದಿದ್ದರು. 1910ರಲ್ಲಿ ಟೋಪಿ ಅಂಗಡಿಯಿಂದ ಶುರುಮಾಡಿದ ಕೊಕೊ ಶನೆಲ್ 1921ರಲ್ಲಿ ‘ನಂ. 5’ ಸುಗಂಧ ತಂದಳು. ಅದನ್ನು ಜಗತ್ತಿಗೆಲ್ಲ ಮಾರಲು 1924ರಲ್ಲಿ ಕಂಪನಿ ಕಟ್ಟಿದಾಗ ವರ್ಥೈಮರ್ ಸೋದರರಿಗೆ 70 ಪಾಲು, ಪರಿಚಯ ಮಾಡಿಸಿಕೊಟ್ಟ ಬಾಡೆರ್ ಸಾಹೇಬರಿಗೆ 20. ಬಾಟಲಿಯ ಮೇಲೆ ಯಾರ ಹೆಸರಿತ್ತೋ ಅವಳಿಗೆ 10. ಮುಂದೆ ಎರಡು ದಶಕ ವಕೀಲರನ್ನು ಕಟ್ಟಿಕೊಂಡು ಬಡಿದಾಡಿದಳು. (ಯುದ್ಧಕಾಲದಲ್ಲಿ ಯಹೂದಿಗಳಾದ ಆ ಪಾಲುದಾರರ ಮೇಲೆ ನಾಜಿ ಕಾನೂನನ್ನೇ ಪ್ರಯೋಗಿಸಲು ನೋಡಿದಳು. 10 ಪಾಲಿನ ಅನ್ಯಾಯಕ್ಕೆ ಈ ಹೇಸಿಗೆಯನ್ನು ವಜಾ ಹಾಕಿಕೊಳ್ಳಲು ಬರುವುದಿಲ್ಲ.) ನಮ್ಮಲ್ಲಿ ಒಪ್ಪಂದ ಗಿಪ್ಪಂದದ ರಗಳೆ ಇಲ್ಲ. ಬೋರ್ಡಿನ ಮೇಲೆ ಹೆಸರು ಅವಳದು, ಕ್ಯೂಆರ್ ಕೋಡು ಗಂಡನ ಅಕೌಂಟಿನದು.

ಹಾಗಂತ ಉದ್ಯಮಿ ಮೇಡಂಗಳೇನೂ ಹಸುವಿನಂಥವರಲ್ಲ. ಲೈವ್‌ನಲ್ಲಿ ‘ಹಾಯ್ ಡಿಯರ್ಸ್, ನಮ್ಮ ನೇಕಾರರನ್ನ ಉಳಿಸೋಣ’ ಎಂದು ಗದ್ಗದರಾಗುವಾಗ ಮೇಜಿನ ಕೆಳಗೆ ಸೂರತ್ತಿನ ಪಾರ್ಸೆಲ್ಲು ಇನ್ನೂ ಬಿಚ್ಚದೆ ಬಿದ್ದಿರುತ್ತದೆ. ಇಳಕಲ್ ಸೀರೆಗೆ, ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕು ವರ್ಷಗಳೇ ಆದವು. ಮೇಡಂ ಮಾತ್ರ ಮಷಿನ್ನಿನಲ್ಲಿ ಹಾಕಿಸಿದ ಗೋಪುರ, ತೇರನ್ನೂ ‘ಹ್ಯಾಂಡ್ ಕಸೂತಿ’ ಎಂದೇ ಮಾರುತ್ತಾರೆ. ಬೆಲೆ ಕೇಳಿದರೆ ‘ಡಿಎಂ ಮಾಡಿ’ ಎನ್ನುತ್ತಾರೆ, ಅದೇನೋ ಗುಪ್ತರೋಗದ ಹೆಸರು ಕೇಳಿದಂತೆ. ಇನ್ನು ಅಸಲಿ ಇಳಕಲ್ಲೇ ತರಿಸಿದರು ಅನ್ನಿ. ಅಲ್ಲಿ ಕೂಲಿ ಬರುವುದು ಮಗ್ಗದ ಗುಣಿಯಲ್ಲಿ ಕೂತ ಗಂಡನ ಹೆಸರಿಗೆ. ಬೆಳಗಿನಿಂದ ಕಂಡಿಕಿ ಸುತ್ತಿಕೊಟ್ಟ ಹೆಂಡತಿಯ ದುಡಿಮೆ ಅದರೊಳಗೇ ಬಂತು, ಬೇರೆ ಬಿಲ್ಲಿಲ್ಲ. ಹಿಂದಿನ ಬೀದಿಯಿಂದ ಫಾಲ್ ಹಚ್ಚಿಕೊಡುವ ಹೆಂಗಸು ಸೀರೆಗೆ ಮೂವತ್ತು ರೂಪಾಯಿ ಸಾಲದು, ಹತ್ತು ಹೆಚ್ಚಿಗೆ ಕೊಡಿ ಎಂದರೆ ಮೇಡಂ ಬಾಯಲ್ಲಿ ಚಿಕ್ಕಮ್ಮ ಬಂದು ಕೂರುತ್ತಾರೆ: ‘ನೀವು ಮನೇಲೇ ಕೂತು ಮಾಡೋದಲ್ವಾ?’

ಮಾರ್ಚ್ 8 ಬಂದರೆ ಪ್ರಶಸ್ತಿಯ ಸುಗ್ಗಿ. ‘ವರ್ಷದ ಸಾಧಕಿ’ಯಾಗಿ ಆಯ್ಕೆಯಾಗಿದ್ದೀರಿ, ನೋಂದಣಿ ಶುಲ್ಕ ಇಷ್ಟು, ಶಾಲು-ಫಲಕ ನಮ್ಮದು, ಸ್ಟಾಲ್ ಬೇಕಿದ್ದರೆ ಬಾಡಿಗೆ ಬೇರೆ. ಎರಡು ಗಂಟೆ ತಡವಾಗಿ ಬಂದ ಶಾಸಕರು ಒನಕೆ ಓಬವ್ವನನ್ನೂ ಕಿತ್ತೂರು ಚೆನ್ನಮ್ಮನನ್ನೂ ಸ್ಮರಿಸುತ್ತಾರೆ. ಇಬ್ಬರೂ ಲಾಭಕ್ಕಾಗಿ ದುಡಿದವರಲ್ಲವಾದ್ದರಿಂದ ಈ ಸಭೆಗೆ ಹೇಳಿ ಮಾಡಿಸಿದ ಉದಾಹರಣೆಗಳು. 1974ರಲ್ಲಿ ಇದೇ ಬೆಂಗಳೂರಿನಲ್ಲಿ ಚಿಮಿ ನಂಜಪ್ಪ ಮತ್ತು ಮಗಳು ಪವಿತ್ರಾ ಮುದ್ದಯ್ಯ ‘ವಿಮೋರ್’ ಶುರುಮಾಡಿ, ಹಳೆಯ ಸೀರೆಗಳ ವಿನ್ಯಾಸವನ್ನು ನೇಕಾರರ ಕೈಯಲ್ಲಿ ಮತ್ತೆ ನೇಯಿಸಿದ್ದು ಭಾಷಣ ಬರೆದುಕೊಟ್ಟವನಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ ತೊಂದರೆಯೇ, ಅದರಲ್ಲಿ ಯುದ್ಧವೂ ಇಲ್ಲ, ಬಲಿದಾನವೂ ಇಲ್ಲ, ಬರೀ ವ್ಯಾಪಾರ.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು, ವರ್ಷಕ್ಕೆ 40 ಲಕ್ಷ ದಾಟಿದ್ದೀರಿ ಎಂದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಬೇಕರಿ, ಕಾಂಡಿಮೆಂಟ್ಸಿನವರು ಕ್ಯೂಆರ್ ಕೋಡು ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬರೆದು ಅಂಟಿಸಿದರು. ನಾನು ಮಾತ್ರ ಇಲಾಖೆಗೆ ಮನಸ್ಸಿನಲ್ಲೇ ಕೈಮುಗಿದೆ. ಹೆಂಗಸಿನ ಅಂಗಡಿಯನ್ನು ಅಂಗಡಿಯೆಂದೇ ನೋಡುವ, ಯಜಮಾನರು ಏನು ಮಾಡುತ್ತಾರೆಂದು ಕೇಳದ ಕಚೇರಿ ಈ ರಾಜ್ಯದಲ್ಲಿ ಅದೊಂದೇ ಇರಬೇಕು.

ಅಂಥ ಕಾಗದ ನಮ್ಮ ಕಾರ್ ಶೆಡ್ಡಿನ ಬೊಟೀಕಿಗೂ ಬಂತು ಅಂತಿಟ್ಟುಕೊಳ್ಳಿ, ಅದೂ ಅವಳು ಹಟ ಹಿಡಿದು ತನ್ನದೇ ಅಕೌಂಟಿನ ಕೋಡು ಅಂಟಿಸಿದ ಮೇಲೆ. ವಿಳಾಸ ಅವಳದಾದರೂ ಒಡೆದು ಓದುವವನು ಗಂಡ. ವಹಿವಾಟು ಬೇರೆ, ಲಾಭ ಬೇರೆ ಎಂಬುದು ಅವನ ತಲೆಗೆ ಹೋಗುವುದಿಲ್ಲ. 40 ಲಕ್ಷವಷ್ಟೇ ಕಣ್ಣಿಗೆ ಬೀಳುತ್ತದೆ. ಅಂದು ಸಂಜೆ ಕಾಫಿ ಅವನೇ ಮಾಡಿ ತರುತ್ತಾನೆ.

‘ಅಲ್ಲ ಕಣೇ, ನಮ್ಮ ಬಿಸಿನೆಸ್ಸು ಇಷ್ಟು ಬೆಳೆದಿದೆ, ನೀನೊಬ್ಳೇ ಎಷ್ಟೂಂತ ನೋಡ್ಕೋತೀಯ? ನಾನೂ ವಿಆರ್‌ಎಸ್ ತಗೊಂಡು ಬಂದ್ಬಿಡ್ತೀನಿ.’

‘ಬನ್ನಿ. ಫಾಲ್ ಹಚ್ಚೋರು ಬೇಕಾಗಿದ್ದಾರೆ. ಸೀರೆಗೆ ಮೂವತ್ತು ರೂಪಾಯಿ.’

‘ಮೂವತ್ತಾ?’

‘ಮತ್ತೆ? ನೀವು ಮನೇಲೇ ಕೂತು ಮಾಡೋದಲ್ವಾ?’