ಬಂಡವಾಳವಿಲ್ಲದ ಹಪ್ಪಳ

ಬಂಡವಾಳ ಬೇಡ, ಮೊಬೈಲ್ ಇದ್ದರೆ ಸಾಕು ಎಂಬುದು ಆನ್‌ಲೈನ್ ವ್ಯಾಪಾರದ ಮೂಲಮಂತ್ರ. ಪುತ್ತೂರು, ಸುಳ್ಯ, ಕಡಬದ ಕಡೆ ಈ ಮಂತ್ರಕ್ಕೆ ಥಟ್ಟನೆ ಒಲಿಯುವ ದೇವತೆ ಹಲಸಿನ ಹಪ್ಪಳ. ಹಲಸು ತೋಟದ ಬದಿಯಲ್ಲಿ ಹೇಗೂ ಬಿದ್ದು ಕೊಳೆಯುತ್ತದೆ. ವಾಟ್ಸ್‌ಆ್ಯಪ್‌ಗೆ ಅಂಗಡಿ ಬಾಡಿಗೆಯಿಲ್ಲ, ಯುಪಿಐಗೆ ಗಲ್ಲಾಪೆಟ್ಟಿಗೆ ಬೇಡ. ಸಣ್ಣ ಆಹಾರ ತಯಾರಕರ ಎಫ್‌ಎಸ್‌ಎಸ್‌ಎಐ ನೋಂದಣಿಗೆ ವರ್ಷಕ್ಕೆ 100 ರೂಪಾಯಿ. ಜಿಎಸ್‌ಟಿಯಂತೂ ಹಪ್ಪಳದ ಮುಂದೆ ಕೈಮುಗಿದು ನಿಂತಿದೆ: ಅಧಿಸೂಚನೆಯಂತೆ ಹಪ್ಪಳ ಯಾವ ಹೆಸರಿನದಾದರೂ ತೆರಿಗೆಯಿಲ್ಲ, ತಿನ್ನಲು ಬಡಿಸಿದರೆ ಮಾತ್ರ ಆ ವಿನಾಯಿತಿ ತಪ್ಪುತ್ತದೆ. ಅಂದರೆ ಸರಕಾರದ ಸಲಹೆ ಇಷ್ಟೇ: ಮಾರಿ, ಆದರೆ ಗಿರಾಕಿಗೆ ಎಲೆ ಹಾಕಬೇಡಿ. ಇಷ್ಟು ಅನುಕೂಲವಿದ್ದೂ ಹಪ್ಪಳ ಮಾರಿ ಮಹಡಿ ಕಟ್ಟಿದವರು ವಿರಳ. ಖರ್ಚೇ ಇಲ್ಲವೆಂದು ನಾವು ಬಗೆದದ್ದು ಬೇರೊಬ್ಬರ ಖಾತೆಗೆ ಬಿದ್ದಿರುವುದೇ ಇದಕ್ಕೆ ಕಾರಣ ಎಂಬುದು ನನ್ನ ವಾದ.

ಆ ಖಾತೆದಾರರಲ್ಲಿ ಮೊದಲಿಗರು ಮನೆಯ ಹೆಂಗಸರು. ಮೇಣದೊಡನೆ ಗುದ್ದಾಡಿ ಸೊಳೆ ಬಿಡಿಸುವುದು, ಬೇಯಿಸುವುದು, ಅರೆಯುವುದು, ಉಂಡೆ ಕಟ್ಟಿ ಒತ್ತುವುದು, ಒಣಹಾಕಿ ಕಾಗೆ ಕಾಯುವುದು, ಯಾವುದಕ್ಕೂ ಸಂಬಳವಿಲ್ಲ. ಅದರ ಫೋಟೊ ತೆಗೆದು ಸ್ಟೇಟಸ್ ಹಾಕಿದಾತ ಮಾತ್ರ ಉದ್ಯಮಿ. ಎರಡನೆಯ ಖಾತೆದಾರ ಬಿಸಿಲು. ಹಪ್ಪಳ ಒಣಗುವುದು ಏಪ್ರಿಲ್, ಮೇ ತಿಂಗಳಲ್ಲಿ. ನಾಲಿಗೆಗೆ ಅದರ ನೆನಪಾಗುವುದು ಜೂನಿನ ಮಳೆಯಲ್ಲಿ. ಆರ್ಡರ್ ಬಂದ ಮೇಲೆ ತಯಾರಿಸುವ ಜಾಣತನವನ್ನು ಸುಬ್ರಹ್ಮಣ್ಯದ ಮಳೆ ಒಪ್ಪುವುದಿಲ್ಲ. ಹಾಗಾಗಿ ದುಡಿಮೆಯೆಲ್ಲ ಬೇಸಗೆಯಲ್ಲೇ ಮುಗಿದು, ಡಬ್ಬಿಯಲ್ಲಿ ಕುಳಿತು ಗಿರಾಕಿಗಾಗಿ ಕಾಯುತ್ತದೆ. ಮೂರನೆಯದು ರಟ್ಟಿನ ಪೆಟ್ಟಿಗೆ. ಹಗುರವಾದ ದೊಡ್ಡ ಪೊಟ್ಟಣಕ್ಕೆ ಅನೇಕ ಕೊರಿಯರ್‌ಗಳು ತೂಕ ನೋಡುವುದಿಲ್ಲ. ಉದ್ದ, ಅಗಲ, ಎತ್ತರಗಳ ಸೆಂಟಿಮೀಟರುಗಳನ್ನು ಗುಣಿಸಿ 5000ದಿಂದ ಭಾಗಿಸುತ್ತವೆ. 30, 20, 20ರ ಪೆಟ್ಟಿಗೆಯಲ್ಲಿ ಒಂದು ಕಿಲೋ ಹಪ್ಪಳವನ್ನು ಮುರಿಯದಂತೆ ಕಾಗದ ತುರುಕಿ ಕಳಿಸಿದರೆ ಲೆಕ್ಕಕ್ಕೆ ಬರುವುದು 2.4 ಕಿಲೋ. ಮಿಕ್ಕ 1.4 ಕಿಲೋ ಗಾಳಿಯೂ ಕಾಗದವೂ ಟಿಕೆಟ್ ಪಡೆದೇ ಬೆಂಗಳೂರು ದಾರಿಯ ಶಿರಾಡಿ ಘಾಟಿ ಹತ್ತುತ್ತವೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ಮುಚ್ಚಿದರೆ ಹಪ್ಪಳಕ್ಕೆ ದಾರಿಯಲ್ಲೇ ವಾಸ್ತವ್ಯ.

ಬಿದ್ದು ಹಾಳಾಗುವ ಹಲಸಿನಿಂದ ನಾಲ್ಕು ಕಾಸು ಬಂದರೆ ನಷ್ಟವೇನು ಎಂದು ಕೇಳಬಹುದು. ಹಲಸು ಪುಕ್ಕಟೆ, ನಿಜ. ಆದರೆ ಬಿದ್ದ ಹಣ್ಣಿನಲ್ಲಿ ಹಪ್ಪಳವಾಗುವುದಿಲ್ಲ. ಬೆಳೆದ ಕಾಯನ್ನೇ ಕೊಯ್ಯಬೇಕು, ಮರ ಹತ್ತುವವರು ಪುಕ್ಕಟೆ ಸಿಗುವುದಿಲ್ಲ. ಎಲ್ಲ ಕೂಲಿ ಸೇರಿಸಿ ಬೆಲೆ ಕಟ್ಟಿದರೆ ಕೊಳ್ಳುವವರು ಯಾರು ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಪುತ್ತೂರಿನ ಪೇಟೆಯಲ್ಲಿ ಯಾರೂ ಕೊಳ್ಳರು, ಅದು ಸರಿ. ಬೆಂಗಳೂರಿನಲ್ಲಿರುವ ಊರಿನವರ ಮಾತು ಬೇರೆ. ಅವರ ಕೇರಿಯ ಅಂಗಡಿಯಲ್ಲಿ ಉದ್ದಿನ ಹಪ್ಪಳಕ್ಕೇನೂ ಬರವಿಲ್ಲ. ಅವರು ಕೊಳ್ಳುವುದು ಅಜ್ಜನ ಮನೆಯ ರಜೆಯನ್ನು. ರಜೆಗೆ ಎಂಆರ್‌ಪಿ ಇಲ್ಲದ್ದರಿಂದ ಕೂಲಿಯನ್ನು ಧೈರ್ಯವಾಗಿ ಸೇರಿಸಬಹುದು.

ನಮ್ಮ ಸೀಮೆಗೆ ಈ ವ್ಯಾಪಾರಜ್ಞಾನ ಹೊಸದೇನಲ್ಲ. ಅಡಿಕೆ ಧಾರಣೆ ಕುಸಿದು ಕಂಗೆಟ್ಟ ಬೆಳೆಗಾರರಿಗಾಗಿ 1973ರಲ್ಲಿ ಕ್ಯಾಂಪ್ಕೊ ಎಂಬ ಸಹಕಾರ ಸಂಸ್ಥೆ ಹುಟ್ಟಿತು; ಕೊಕ್ಕೊಗೂ ಅದೇ ಗತಿ ಬಂದಾಗ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೆಳೆಯುವುದರಷ್ಟೇ ಮಾರುವುದೂ ಖರ್ಚಿನ ಕೆಲಸ, ಆ ಖರ್ಚನ್ನು ಕೂಡಿ ಹೊತ್ತರೆ ಬೆನ್ನು ಉಳಿಯುತ್ತದೆ ಎಂಬುದು ಆಗಲೇ ತಿಳಿದಿತ್ತು. ಹಪ್ಪಳಕ್ಕೂ ಇದು ಸಲ್ಲುತ್ತದೆ: ನಾಲ್ಕು ಮನೆ ಸೇರಿ ಒಂದೇ ಸರಕು ಹಿಡಿಯಿರಿ, ಪೆಟ್ಟಿಗೆ ಅಳೆದ ಮೇಲೆ ಬೆಲೆ ಹೇಳಿ, ಒತ್ತುವವರ ಸಂಬಳವನ್ನು ಲೆಕ್ಕದ ಮೊದಲ ಸಾಲಿನಲ್ಲಿ ಬರೆಯಿರಿ. ಆಮೇಲೂ ಲಾಭ ಕಂಡರೆ ಅದು ವ್ಯಾಪಾರ. ಕಾಣದಿದ್ದರೆ ಹಪ್ಪಳವನ್ನು ಮನೆಯಲ್ಲೇ ಕರಿದು ತಿನ್ನುವುದು ಲೇಸು. ನೆಂಟರಿಗೆ ಬಡಿಸಿದರೆ ಜಿಎಸ್‌ಟಿಯೂ ಕೇಳುವುದಿಲ್ಲ.